ಸಂಬಳ ಬರುವವರಿಗೂ ಉಚಿತ ವಕೀಲರು ಸಿಗುತ್ತಾರೆಯೇ?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ತಿಂಗಳಿಗೆ ಕೈಗೆ 12 ಸಾವಿರ ಬರುತ್ತದೆ. ಗಂಡ ಬಿಟ್ಟುಹೋಗಿ ಎರಡು ವರ್ಷವಾಯಿತು. ಆರು ವರ್ಷದ ಮಗಳು ನನ್ನ ಜತೆಗಿದ್ದಾಳೆ, ಅವಳ ಖರ್ಚಿಗೂ ಅವರು ಏನೂ ಕಳಿಸಿಲ್ಲ. ಈಗ ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಿಂದ ವಿಚ್ಛೇದನದ ಸಮನ್ಸ್ ಬಂದಿದೆ. ಇದರ ಮಧ್ಯೆ ನನ್ನ ತಮ್ಮ ಹೊಡೆದಾಟದ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಬೇಲ್ ಆಗಿ ಮೂರು ವಾರವಾದರೂ ಶ್ಯೂರಿಟಿ ಸಿಗದೆ ಒಳಗೇ ಇದ್ದಾನೆ. ಕೋರ್ಟಿನಲ್ಲಿ ಸರ್ಕಾರದಿಂದ ಉಚಿತ ವಕೀಲರನ್ನು ಕೊಡುತ್ತಾರೆ ಎಂದು ಕೇಳಿದ್ದೇನೆ. ಆದರೆ ಸಂಬಳ ಇರುವವರಿಗೆ ಕೊಡುವುದಿಲ್ಲ, ಕೊಟ್ಟರೂ ಅವರು ಕೇಸು ಸರಿಯಾಗಿ ನಡೆಸುವುದಿಲ್ಲ ಎಂದು ಸುತ್ತಲಿನವರು ಹೇಳುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ಮೊದಲು ಸಮನ್ಸ್ ಕಾಗದ ತೆಗೆದು ಅದರಲ್ಲಿರುವ ತಾರೀಕು ನೋಡಿ. ಉಳಿದದ್ದೆಲ್ಲ ಆಮೇಲೆ. ಆ ದಿನ ನೀವಾಗಲಿ, ನಿಮ್ಮ ಪರ ವಕೀಲರಾಗಲಿ ಹಾಜರಾಗದಿದ್ದರೆ ಕೋರ್ಟು ನಿಮ್ಮನ್ನು ಎಕ್ಸ್‌ಪಾರ್ಟಿ ಮಾಡಿ, ನಿಮ್ಮ ಗಂಡ ಹೇಳುವುದನ್ನಷ್ಟೇ ಕೇಳಿ ಮುಂದುವರಿಯಬಹುದು. ಏಕಪಕ್ಷೀಯವಾಗಿ ಡಿಕ್ರಿ ಆಗಿಹೋದರೆ ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಅರ್ಜಿ ಹಾಕಬೇಕು, ಯಾಕೆ ಬರಲಿಲ್ಲ ಎಂಬುದಕ್ಕೆ ನಂಬುವಂಥ ಕಾರಣ ಕೊಡಬೇಕು. ಉಚಿತ ವಕೀಲರಿಗಾಗಿ ಅರ್ಜಿ ಕೊಟ್ಟಿದ್ದೇನೆ ಎಂದ ಮಾತ್ರಕ್ಕೆ ಕೋರ್ಟಿನ ವಾಯಿದೆ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಕಾನೂನು ನೆರವಿನ ಕೇಸುಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ: ಅರ್ಜಿ ಕೊಟ್ಟು ಮನೆಗೆ ಹೋಗಿ, ಯಾರೋ ನೋಡಿಕೊಳ್ಳುತ್ತಾರೆ ಎಂದು ಕೂರುವುದು. ವಾಯಿದೆ ಹತ್ತಿರವಿದ್ದು ವಕೀಲರು ಇನ್ನೂ ನೇಮಕವಾಗಿಲ್ಲದಿದ್ದರೆ ನೀವೇ ಹೋಗಿ, ಹೆಸರು ಕರೆದಾಗ ಎದ್ದು ನಿಂತು, 'ಕಾನೂನು ನೆರವಿಗೆ ಅರ್ಜಿ ಕೊಟ್ಟಿದ್ದೇನೆ, ಕಾಲಾವಕಾಶ ಬೇಕು' ಎಂದು ಹೇಳಿ, ಅರ್ಜಿಯ ಸ್ವೀಕೃತಿ ತೋರಿಸಿ. ಅಷ್ಟು ಹೇಳಲು ವಕೀಲರು ಬೇಕಿಲ್ಲ.

ಈಗ ಸಂಬಳದ ವಿಷಯ. ನಿಮ್ಮ ಸುತ್ತಲಿನವರು ಹೇಳಿದ್ದು ತಪ್ಪು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದ್ದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನಲ್ಲಿ ಯಾರಿಗೆಲ್ಲ ಉಚಿತ ನೆರವು ಎಂಬ ಪಟ್ಟಿ ಇದೆ. ಆದಾಯದ ಮಿತಿ ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಬರುತ್ತದೆ, ಕರ್ನಾಟಕದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ. ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಬರುವವರಿಗೆ ಈ ಮಿತಿ ಅನ್ವಯಿಸುವುದೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಮಾನವ ಸಾಗಣೆಗೆ, ಜೀತಕ್ಕೆ ಸಿಕ್ಕವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯದಂಥದ್ದಕ್ಕೆ ತುತ್ತಾದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು. ಇವರೆಲ್ಲ ತಿಂಗಳಿಗೆ ಎಷ್ಟು ದುಡಿಯುತ್ತಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನೀವು ಹೆಂಗಸು, ಜತೆಗೆ ಕಾರ್ಖಾನೆಯ ಕೆಲಸಗಾರ್ತಿ. ಎರಡು ಕಡೆಯಿಂದಲೂ ಅರ್ಹರು. ನಿಮ್ಮ ತಮ್ಮ ಜೈಲಿನಲ್ಲಿರುವುದರಿಂದ ಅವರೂ ಅರ್ಹರು. ಹೊರಗೆ ಬಂದ ಮೇಲೂ ಆದಾಯ 3 ಲಕ್ಷದೊಳಗಿದ್ದರೆ ನೆರವು ಮುಂದುವರಿಯುತ್ತದೆ.

ಆದ್ದರಿಂದ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಡಿ. ಎಷ್ಟೋ ಹೆಂಗಸರು ಈ ಒಂದು ಕಾಗದಕ್ಕಾಗಿ ಹದಿನೈದು ದಿನ, ತಿಂಗಳು ಕಳೆದು, ಅಷ್ಟರಲ್ಲಿ ವಾಯಿದೆ ತಪ್ಪಿಸಿಕೊಂಡಿರುತ್ತಾರೆ. ಆದಾಯದ ಆಧಾರದ ಮೇಲೆ ಕೇಳುವ ಗಂಡಸರಿಗೂ ಸಾಮಾನ್ಯವಾಗಿ ಅಫಿಡವಿಟ್ ಸಾಕು ಎಂದು ಅದೇ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಅಫಿಡವಿಟ್ಟನ್ನು ನಂಬದಿರಲು ಕಾರಣವಿದ್ದರೆ ಮಾತ್ರ ಬೇರೆ ಪುರಾವೆ ಕೇಳಬಹುದು. ಕೌಂಟರಿನಲ್ಲಿ ಯಾರಾದರೂ 'ಇನ್‌ಕಮ್ ಸರ್ಟಿಫಿಕೇಟ್ ಇಲ್ಲದೆ ಆಗಲ್ಲಮ್ಮ' ಎಂದರೆ, 12(ಸಿ) ಅಡಿ ಕೇಳುತ್ತಿದ್ದೇನೆ ಎಂದು ಹೇಳಿ. ಹೆಂಗಸರು ಮತ್ತು ಮಕ್ಕಳ ಉಪಕಲಂ ಅದೇ.

ಎಲ್ಲಿಗೆ ಹೋಗಬೇಕು? ನಿಮ್ಮ ತಾಲೂಕಿನ ಕೋರ್ಟ್ ಆವರಣದೊಳಗೇ ತಾಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಅದರ ಮೇಲೆ ಹಾಸನದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರು, ದಿನನಿತ್ಯದ ಕೆಲಸ ನೋಡುವವರು ನ್ಯಾಯಾಧೀಶ ದರ್ಜೆಯ ಸದಸ್ಯ ಕಾರ್ಯದರ್ಶಿ. ರಾಜ್ಯದಲ್ಲಿ ಎಲ್ಲಕ್ಕೂ ಮೇಲೆ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರ ಇದೆ. ಹೈಕೋರ್ಟಿಗೆ ಬೇರೆಯೇ ಸಮಿತಿ. ದಾರಿ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ. ದೇಶಕ್ಕೆಲ್ಲ ಒಂದೇ ಕಾನೂನು ನೆರವಿನ ಸಹಾಯವಾಣಿ ಅದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಆದರೂ ಕೋರ್ಟ್ ಹತ್ತಿರವಿರುವವರು ಕೈಯಲ್ಲೇ ಕೊಡುವುದು ಲೇಸು, ಸ್ವೀಕೃತಿ ಅಲ್ಲೇ ಸಿಗುತ್ತದೆ.

ಅರ್ಜಿಗೆ ಮುದ್ರಿತ ನಮೂನೆ ಇರುತ್ತದೆ. ಅದಿಲ್ಲದಿದ್ದರೆ ಬಿಳಿ ಹಾಳೆಯೂ ಆದೀತು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಕಚೇರಿಯವರೇ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ನಿಮ್ಮ ಅರ್ಜಿ ಹೀಗಿದ್ದರೆ ಸಾಕು:

'ಸದಸ್ಯ ಕಾರ್ಯದರ್ಶಿಯವರಿಗೆ, ತಾಲೂಕು ಕಾನೂನು ಸೇವಾ ಸಮಿತಿ. ವಿಷಯ: ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಕಲಂ 12(ಸಿ) ಅಡಿ ಉಚಿತ ವಕೀಲರನ್ನು ನೇಮಿಸುವ ಬಗ್ಗೆ. ನನ್ನ ಗಂಡ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಇಂಥ ನಂಬರಿನ ವಿಚ್ಛೇದನದ ಅರ್ಜಿ ಹಾಕಿದ್ದಾರೆ. ಮುಂದಿನ ವಾಯಿದೆ ಇಂಥ ದಿನ. ನನಗೂ ಮಗಳಿಗೂ ಎರಡು ವರ್ಷದಿಂದ ಜೀವನಾಂಶ ಕೊಟ್ಟಿಲ್ಲ. (1) ಸದರಿ ಪ್ರಕರಣದಲ್ಲಿ ನನ್ನ ಪರ ಹಾಜರಾಗಲು, (2) ಆ ಪ್ರಕರಣವನ್ನು ಈ ಜಿಲ್ಲೆಗೆ ವರ್ಗಾಯಿಸುವಂತೆ ಹೈಕೋರ್ಟಿಗೆ ಅರ್ಜಿ ಹಾಕಲು, (3) ಇಲ್ಲಿನ ನ್ಯಾಯಾಲಯದಲ್ಲಿ ಜೀವನಾಂಶದ ಅರ್ಜಿ ಹಾಕಲು ವಕೀಲರನ್ನು ನೇಮಿಸಬೇಕೆಂದು ಕೋರುತ್ತೇನೆ.' ಕೆಳಗೆ ಸಹಿ, ಪೂರ್ತಿ ವಿಳಾಸ, ಫೋನ್ ನಂಬರ್.

ಮೂರು ಬೇಡಿಕೆಗಳನ್ನೂ ಬಿಡಿಬಿಡಿಯಾಗಿ ಬರೆಯುವುದು ಮುಖ್ಯ. 'ಗಂಡನ ಮೇಲೆ ಕೇಸಿಗೆ ವಕೀಲರು ಬೇಕು' ಎಂದಷ್ಟೇ ಬರೆದರೆ ಒಂದು ಕೇಸಿಗೆ ನೇಮಕವಾಗಿ ಉಳಿದ ಎರಡು ಬಿದ್ದುಹೋಗುತ್ತವೆ. ವಾಯಿದೆಯ ತಾರೀಕಿನ ಕೆಳಗೆ ಗೆರೆ ಎಳೆಯಿರಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಕು, ಸಿಬ್ಬಂದಿಯ ಸಹಿ ಹಾಕಿಸಿಕೊಳ್ಳಿ. ಅರ್ಜಿ ಬಂದ ಮೇಲೆ ತಡಮಾಡದೆ, ಹೆಚ್ಚೆಂದರೆ ಏಳು ದಿನದೊಳಗೆ ತೀರ್ಮಾನ ಆಗಬೇಕೆಂಬುದು ನಿಯಮ. ಆ ಏಳು ದಿನ ಲೆಕ್ಕ ಹಿಡಿಯಲು ಸ್ವೀಕೃತಿಯ ಮೇಲಿನ ತಾರೀಕೇ ಆಧಾರ. ಅರ್ಜಿ ತಿರಸ್ಕರಿಸಿದರೆ ಕಾರಣ ಕೇಳಿ ಪಡೆದು ಆ ಸಂಸ್ಥೆಯ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ನಿಮ್ಮಂಥ ಪ್ರಕರಣದಲ್ಲಿ ತಿರಸ್ಕರಿಸಲು ಕಾರಣ ಕಾಣುವುದಿಲ್ಲ.

ಈ ಮೂರು ಬೇಡಿಕೆಗಳಲ್ಲಿ ಮೊದಲನೆಯದನ್ನು ಬೆಂಗಳೂರಿನ ಪ್ಯಾನಲ್ ವಕೀಲರು, ಅಂದರೆ ಅಲ್ಲಿನ ಕಾನೂನು ನೆರವಿನ ಪಟ್ಟಿಯಲ್ಲಿರುವ ವಕೀಲರು, ನಡೆಸಬೇಕಾಗುತ್ತದೆ, ಎರಡನೆಯದನ್ನು ಹೈಕೋರ್ಟ್ ಕಾನೂನು ಸೇವಾ ಸಮಿತಿಯ ವಕೀಲರು. ನೀವು ಕೊಟ್ಟ ಅರ್ಜಿಯನ್ನು ನಿಮ್ಮ ತಾಲೂಕು ಸಮಿತಿಯೇ ಅಲ್ಲಿಗೆ ಕಳಿಸಿಕೊಡಬಹುದು. ಆದರೆ ಕಳಿಸಿದ ಪತ್ರದ ನಂಬರು, ತಾರೀಕು ಕೇಳಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಕೂತುಬಿಡುತ್ತದೆ. ವರ್ಗಾವಣೆಯ ಅರ್ಜಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಡಿ. ರಾಜ್ಯದೊಳಗಿನ ಕೋರ್ಟಿನಿಂದ ಕೋರ್ಟಿಗೆ ಕೇಸು ಬದಲಿಸುವ ಅಧಿಕಾರ ಹೈಕೋರ್ಟಿಗಿದೆ. (ಗಂಡ ಹೊರರಾಜ್ಯದಲ್ಲಿ ಕೇಸು ಹಾಕಿದ್ದರೆ 25ನೇ ಕಲಮಿನಡಿ ಸುಪ್ರೀಂ ಕೋರ್ಟಿಗೇ ಹೋಗಬೇಕಿತ್ತು.) ಚಿಕ್ಕ ಮಗು, ಕೆಲಸಕ್ಕೆ ರಜೆ ಹಾಕಿದರೆ ಕಡಿತವಾಗುವ ಕೂಲಿ, ಬಸ್ಸಿನ ಖರ್ಚು, ಜತೆಗೆ ಬರುವವರಿಲ್ಲದಿರುವುದು, ಇವನ್ನೆಲ್ಲ ಅರ್ಜಿಯಲ್ಲಿ ಬಿಡಿಸಿ ಹೇಳಬೇಕು. ಹೆಂಡತಿಯ ಅನುಕೂಲವನ್ನು ಹೈಕೋರ್ಟುಗಳು ಸಾಮಾನ್ಯವಾಗಿ ಗಮನಕ್ಕೆ ತೆಗೆದುಕೊಳ್ಳುತ್ತವೆ. ಹಾಗೆಂದು ವರ್ಗಾವಣೆ ಆಗೇಬಿಡುತ್ತದೆ ಎಂದು ನಂಬಿ ಬೆಂಗಳೂರಿನ ವಾಯಿದೆ ಬಿಡಬೇಡಿ.

ಮೂರನೆಯದಕ್ಕೆ, ಅಂದರೆ ಜೀವನಾಂಶಕ್ಕೆ, ಬೆಂಗಳೂರಿಗೆ ಹೋಗಬೇಕಾದ್ದೇ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಹೆಂಡತಿ ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ನಿಮ್ಮ ಹೆಸರಲ್ಲೂ ಮಗಳ ಹೆಸರಲ್ಲೂ ಕೇಳಿ, ಮಧ್ಯಂತರ ಜೀವನಾಂಶದ ಅರ್ಜಿಯನ್ನು ಜತೆಗೇ ಹಾಕಿಸಿ. ನೋಟಿಸ್ ಜಾರಿಯಾದ 60 ದಿನದೊಳಗೆ ಮಧ್ಯಂತರ ಅರ್ಜಿ ಇತ್ಯರ್ಥ ಆಗಬೇಕೆಂದು ಕಾನೂನೇ ಹೇಳುತ್ತದೆ, ಸಾಧ್ಯವಾದಷ್ಟು ಮಟ್ಟಿಗೆ ಎಂಬ ಮಾತನ್ನೂ ಸೇರಿಸಿದೆ. ಬೆಂಗಳೂರಿನ ಕೇಸು ಹಿಂದೂ ವಿವಾಹ ಕಾಯ್ದೆಯಡಿ ಇದ್ದರೆ ಅದರ 24ನೇ ಕಲಮಿನಲ್ಲಿ ಕೇಸು ನಡೆಯುವಷ್ಟು ಕಾಲದ ಖರ್ಚನ್ನೂ ಗಂಡನಿಂದಲೇ ಕೇಳಬಹುದು. ಉಚಿತ ವಕೀಲರಿದ್ದರೂ ಓಡಾಟದ ಖರ್ಚು ನಿಮ್ಮ ತಲೆಯ ಮೇಲೇ ಇರುತ್ತದಲ್ಲ. ಎರಡು ಕಡೆ ಕೇಳಿದಾಗ ಒಂದು ಕಡೆಯ ಆದೇಶವನ್ನು ಇನ್ನೊಂದು ಕಡೆ ಮುಚ್ಚಿಡಬಾರದು, ಮೊತ್ತವನ್ನು ಹೊಂದಿಸಿಕೊಳ್ಳುತ್ತಾರೆ.

ಖರ್ಚಿಗೆ ಕೊಡದೆ ಕೈಬಿಡುವುದನ್ನು ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯ ಎಂದು ಎಣಿಸುತ್ತದೆ. ಆ ದಾರಿ ಹಿಡಿಯುವುದಾದರೆ ನಿಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರ ಬಳಿ ವರದಿ ಬರೆಸಬೇಕು. ನಿಮ್ಮ ವಿಷಯದಲ್ಲಿ ಜೀವನಾಂಶದ ಅರ್ಜಿಯಿಂದ ಶುರು ಮಾಡುವುದು ಸರಳ. ಆ ಕಡೆಯಿಂದ ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕಿದ್ದು ಇದ್ದರೆ ಮಾತು ಬೇರೆ.

ಜೀವನಾಂಶದ ಅರ್ಜಿ ಸೋಲುವುದು ಅಥವಾ ಎಳೆದಾಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಗಂಡನ ವಿಳಾಸ. ಸಮನ್ಸ್ ಜಾರಿಯಾಗದೆ ವಾಪಸ್ ಬಂದಷ್ಟೂ ತಿಂಗಳು ಉರುಳುತ್ತದೆ. ಮನೆಯ ವಿಳಾಸ ಒಂದೇ ಕೊಟ್ಟು ಕೂರಬೇಡಿ. ಕೆಲಸದ ಜಾಗ, ಶಿಫ್ಟಿನ ಹೊತ್ತು, ಫೋನ್ ನಂಬರು, ಹತ್ತಿರದ ಗುರುತು, ಯಾವ ಪೊಲೀಸ್ ಠಾಣೆಯ ವ್ಯಾಪ್ತಿ ಎಂಬುದನ್ನೆಲ್ಲ ಬರೆದು ವಕೀಲರಿಗೆ ಕೊಡಿ. ಬೆಂಗಳೂರಿನ ವಿಚ್ಛೇದನದ ಅರ್ಜಿಯಲ್ಲಿ ಅವರು ತಮ್ಮದೇ ವಿಳಾಸ ಬರೆದಿದ್ದಾರೆ. ಸಮನ್ಸಿನ ಜತೆ ಬಂದ ಪ್ರತಿಯಲ್ಲಿ ಅದಿದೆ, ಅಲ್ಲಿಂದ ಎತ್ತಿಕೊಳ್ಳಿ. ತನ್ನ ವಿಳಾಸ ಅದಲ್ಲವೆಂದು ಆಮೇಲೆ ಅವರು ಹೇಳಲಾರರು.

ಎರಡನೆಯದು, ಆಸ್ತಿ ಮತ್ತು ಸಾಲದ ಅಫಿಡವಿಟ್. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನಂತೆ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ತಿಳಿಸಬೇಕು. ಇಲ್ಲಿ ನಿಮ್ಮ 12 ಸಾವಿರವನ್ನು ಮುಚ್ಚಿಡುವ ಆಸೆ ಬರುತ್ತದೆ, ಅಕ್ಕಪಕ್ಕದವರೂ ಹಾಗೇ ಹೇಳಿಕೊಡುತ್ತಾರೆ. ಮಾಡಬೇಡಿ. ದುಡಿಯುತ್ತಿದ್ದೀರಿ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಆ ದುಡಿಮೆ ನಿಮಗೂ ಮಗುವಿಗೂ ಸಾಲುತ್ತದೆಯೇ ಎಂಬುದನ್ನು ಕೋರ್ಟು ನೋಡುತ್ತದೆ. ಬಾಡಿಗೆ, ರೇಷನ್ನು, ಸ್ಕೂಲಿನ ಫೀಸು, ವ್ಯಾನ್ ಬಾಡಿಗೆ, ಔಷಧಿ ಎಂದು ತಿಂಗಳ ಲೆಕ್ಕ ಬರೆದರೆ 12 ಸಾವಿರ ಎಲ್ಲಿ ಕರಗುತ್ತದೆ ಎಂಬುದು ತಾನಾಗಿ ಕಾಣುತ್ತದೆ. ಪಿಎಫ್ ಖಾತೆಯಿಂದ ಸಂಬಳದ ಸುಳ್ಳು ಹೊರಬಿದ್ದರೆ ಮಾತ್ರ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಗಂಡ ಏನು ದುಡಿಯುತ್ತಾರೆ ಎಂಬುದಕ್ಕೆ ಸಿಕ್ಕಿದ ಪುರಾವೆ ಸೇರಿಸಿ: ಗಾಡಿಯ ಆರ್‌ಸಿ, ಅಂಗಡಿಯ ಬೋರ್ಡಿನ ಫೋಟೊ, ಹಳೆಯ ಸಂಬಳದ ಚೀಟಿ. ಅದೇ ತೀರ್ಪಿನಂತೆ ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಆದ್ದರಿಂದ ತಡಮಾಡಿದ ಒಂದೊಂದು ತಿಂಗಳೂ ನಿಮಗೆ ನಷ್ಟ. ಆದೇಶವಾದ ಮೇಲೂ ಅವರು ಕೊಡದಿದ್ದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬುದು ನೆನಪಿರಲಿ. ಮೂರು ವರ್ಷ ಸುಮ್ಮನಿದ್ದು ಒಮ್ಮೆಲೇ ಕೇಳಿದರೆ ಹಳೆಯ ಬಾಕಿ ಆ ದಾರಿಯಲ್ಲಿ ಸಿಗುವುದಿಲ್ಲ.

ಇನ್ನು ಉಚಿತ ವಕೀಲರ ಗುಣಮಟ್ಟದ ಮಾತು. ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದು ಪ್ರಾಮಾಣಿಕತೆ ಆಗುವುದಿಲ್ಲ. ಪ್ಯಾನಲ್ ವಕೀಲರು ತಮ್ಮ ಖಾಸಗಿ ಕೇಸುಗಳ ಜತೆಗೆ ಇವನ್ನೂ ನಡೆಸುತ್ತಾರೆ. ಸಿಗುವ ಗೌರವಧನ ಕಡಿಮೆ, ಅದೂ ಕೇಸಿನ ಹಂತಕ್ಕೆ ತಕ್ಕಂತೆ ಬರುತ್ತದೆ. ಮನಸ್ಸಿಟ್ಟು ದುಡಿಯುವವರು ಧಾರಾಳ ಇದ್ದಾರೆ, ಜೂನಿಯರ್ ಕಳಿಸಿ ವಾಯಿದೆ ಕೇಳಿಸುವವರೂ ಇದ್ದಾರೆ. ಖಾಸಗಿಯಾಗಿ ಫೀಸು ಕೊಟ್ಟವರ ಅನುಭವವೂ ಎಷ್ಟೋ ಸಲ ಇದೇ. ವ್ಯತ್ಯಾಸವೆಂದರೆ, ಇಲ್ಲಿ ದೂರು ಕೇಳಲು ಒಂದು ವ್ಯವಸ್ಥೆ ಇದೆ, ಜನ ಅದನ್ನು ಬಳಸುವುದಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಪ್ರಶ್ನೆ ಕೇಳುವುದು ಹೇಗೆ ಎಂಬ ಸಂಕೋಚ. ಅದು ಯಾರದೋ ದಾನವಲ್ಲ. ಸಂವಿಧಾನದ 39ಎ ವಿಧಿ 1976ರಲ್ಲೇ ಸರ್ಕಾರದ ಮೇಲೆ ಹಾಕಿದ ಹೊಣೆ, ವಕೀಲರ ಗೌರವಧನ ಸಾರ್ವಜನಿಕ ಹಣದಿಂದಲೇ ಹೋಗುತ್ತದೆ.

ಪ್ರತಿ ಕಾನೂನು ಸೇವಾ ಸಂಸ್ಥೆಯಲ್ಲೂ ನೆರವು ಕೊಟ್ಟ ಕೇಸುಗಳು ಹೇಗೆ ನಡೆಯುತ್ತಿವೆ ಎಂದು ನೋಡುವ ಮೇಲ್ವಿಚಾರಣಾ ಸಮಿತಿ ಇರಬೇಕೆಂಬ ನಿಯಮ 2010ರಿಂದ ಇದೆ. ವಕೀಲರು ಆ ಸಮಿತಿಗೆ ಪ್ರಗತಿ ತಿಳಿಸುತ್ತಿರಬೇಕು. ನೀವು ಮಾಡಬೇಕಾದ್ದು ಇಷ್ಟು: ನೇಮಕದ ಪತ್ರದ ಪ್ರತಿ ತೆಗೆದುಕೊಳ್ಳಿ, ವಕೀಲರನ್ನು ಖುದ್ದಾಗಿ ಕಂಡು ಇಡೀ ಕಥೆ ಒಮ್ಮೆ ಹೇಳಿ, ವಕಾಲತ್ತಿಗೆ ಸಹಿ ಹಾಕಿ, ಖಾಲಿ ಹಾಳೆಗೆ ಹಾಕಬೇಡಿ. ಕೇಸು ದಾಖಲಾದ ಮೇಲೆ ಸಿಎನ್‌ಆರ್ ನಂಬರ್ ಕೇಳಿ. ಹದಿನಾರು ಅಕ್ಷರ ಮತ್ತು ಅಂಕಿಗಳ ಗುರುತು ಅದು, ಕರ್ನಾಟಕದ್ದಾದರೆ ಕೆಎ ಎಂದು ಶುರುವಾಗುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವಾಗ, ಯಾವ ಹಂತಕ್ಕೆ ಅಂತ ಫೋನಿನಲ್ಲೇ ಕಾಣುತ್ತದೆ. ಕಳೆದ ಸಲದ ದಿನದ ಮೇಲೆ ಒತ್ತಿದರೆ ಅಂದು ಕೋರ್ಟಿನಲ್ಲಿ ನಡೆದದ್ದರ ಟಿಪ್ಪಣಿಯೂ ಬಹುಮಟ್ಟಿಗೆ ಸಿಗುತ್ತದೆ. ನಿಮ್ಮ ಕಡೆ ವಕೀಲರು ಬಂದಿರಲಿಲ್ಲ ಎಂದು ಅಲ್ಲಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. 'ಅವರು ಸರಿಯಾಗಿ ನೋಡುತ್ತಿಲ್ಲ' ಎಂಬ ಬಾಯಿಮಾತಿನ ದೂರಿಗೆ ಯಾರೂ ಏನೂ ಮಾಡಲಾರರು. ಇಂಥ ಎರಡು ತಾರೀಕು ಗೈರು, ಆಕ್ಷೇಪಣೆ ಹಾಕಿಲ್ಲ ಎಂದು ಬರೆದುಕೊಟ್ಟರೆ ವಕೀಲರನ್ನು ಬದಲಿಸಿಕೊಡುತ್ತಾರೆ. ಪ್ಯಾನಲ್ಲಿನಲ್ಲಿರುವ ಒಬ್ಬರ ಹೆಸರು ಹೇಳಿ ಅವರೇ ಬೇಕೆಂದು ಕೋರಲೂಬಹುದು, ಒಪ್ಪುವುದು ಬಿಡುವುದು ಕಾರ್ಯದರ್ಶಿಯವರಿಗೆ ಬಿಟ್ಟದ್ದು.

ದುಡ್ಡಿನ ಬಗ್ಗೆ ಖಡಾಖಂಡಿತ ಮಾತು. ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಪ್ರೊಸೆಸ್ ಫೀ, ವಕೀಲರ ಫೀಸು, ಟೈಪಿಂಗ್, ಅನುವಾದ, ತೀರ್ಪಿನ ದೃಢೀಕೃತ ನಕಲು ಎಲ್ಲವೂ ನೆರವಿನೊಳಗೇ ಬರುತ್ತವೆ. ಪ್ಯಾನಲ್ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಪ್ಯಾರಾ ಲೀಗಲ್ ವಾಲಂಟಿಯರ್, ಅಂದರೆ ಗುರುತಿನ ಚೀಟಿ ಹಾಕಿಕೊಂಡು ದಾರಿ ತೋರಿಸುವ ಸ್ವಯಂಸೇವಕರೂ ಕೇಳುವಂತಿಲ್ಲ. ತೊಂದರೆ ಬರುವುದು ದೊಡ್ಡ ಮೊತ್ತದಲ್ಲಿ ಅಲ್ಲ. 'ಝೆರಾಕ್ಸಿಗೆ ಮುನ್ನೂರು, ಗುಮಾಸ್ತನಿಗೆ ಇನ್ನೂರು' ಎಂದು ಚಿಲ್ಲರೆಯಾಗಿ ಬರುತ್ತದೆ, ಹೋಗಲಿ ಎಂದು ಜನ ಕೊಟ್ಟುಬಿಡುತ್ತಾರೆ. ರಸೀದಿ ಕೊಡಿ, ಸಮಿತಿಯಲ್ಲಿ ಕೇಳಿಕೊಳ್ಳುತ್ತೇನೆ ಎನ್ನಿ, ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಿಗೆ ಲಿಖಿತ ದೂರು ಕೊಡಿ. ನಿಮ್ಮ ಕಡೆಯಿಂದಲೂ ಕೆಲವು ಕಟ್ಟುಪಾಡುಗಳಿವೆ: ಸುಳ್ಳು ಮಾಹಿತಿ ಕೊಟ್ಟರೆ, ವಕೀಲರು ಕರೆದಾಗ ಹೋಗದಿದ್ದರೆ, ಸಮಿತಿಗೆ ತಿಳಿಸದೆ ಬೇರೆ ವಕೀಲರನ್ನು ಇಟ್ಟುಕೊಂಡರೆ ನೆರವು ಹಿಂದೆಗೆದುಕೊಳ್ಳಬಹುದು. ಫೋನ್ ನಂಬರ್ ಬದಲಾದರೆ ಕಚೇರಿಗೂ ವಕೀಲರಿಗೂ ತಿಳಿಸಿ. ಎಷ್ಟೋ ಕಡತಗಳ ಮೇಲೆ 'ಕಕ್ಷಿದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ' ಎಂಬ ಷರಾ ಬೀಳುವುದು ಹೀಗೆ.

ತಮ್ಮನ ವಿಷಯಕ್ಕೆ ಬರೋಣ. ಇದು ನಿಮ್ಮ ಕೇಸಿಗಿಂತ ಬೇಗ ಬಗೆಹರಿಯಬಹುದು. ಕ್ರಿಮಿನಲ್ ಕೇಸಿನ ಆರೋಪಿಗಳಿಗಾಗಿ 2022ರಿಂದ ಬೇರೆ ವ್ಯವಸ್ಥೆ ಬಂದಿದೆ. ಜಿಲ್ಲಾ ಕೇಂದ್ರದಲ್ಲಿ ಕಾನೂನು ನೆರವು ರಕ್ಷಣಾ ವಕೀಲರ ಕಚೇರಿ ಇದ್ದು, ಮುಖ್ಯ, ಉಪ, ಸಹಾಯಕ ಎಂದು ಮೂರು ದರ್ಜೆಯ ವಕೀಲರು ತಿಂಗಳ ಗೌರವಧನದ ಮೇಲೆ ಪೂರ್ಣಾವಧಿ ಕೆಲಸ ಮಾಡುತ್ತಾರೆ, ಖಾಸಗಿ ಕೇಸು ಹಿಡಿಯುವಂತಿಲ್ಲ. ಸರ್ಕಾರಿ ಅಭಿಯೋಜಕರಿಗೆ ಎದುರಾಗಿ ನಿಲ್ಲುವ ಸರ್ಕಾರಿ ವಕೀಲರು ಎಂದುಕೊಳ್ಳಿ. ಪ್ಯಾನಲ್ ಪದ್ಧತಿಯ ಬಗ್ಗೆ ಇದ್ದ ದೂರುಗಳಿಗೆ ಇದು ಹೆಚ್ಚು ನೇರವಾದ ಪರಿಹಾರ. ಸಿವಿಲ್ ಮತ್ತು ಕೌಟುಂಬಿಕ ಕೇಸುಗಳಿಗೆ ಇಂಥದ್ದು ಇಲ್ಲದಿರುವುದೇ ಕೊರತೆ.

ಬೇಲ್ ಸಿಕ್ಕಿಯೂ ಜೈಲಿನಲ್ಲಿ ಉಳಿಯುವವರ ಬಗ್ಗೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸ್ಪಷ್ಟ ನಿರ್ದೇಶನಗಳನ್ನು ಕೊಟ್ಟಿದೆ. ಬೇಲ್ ಆದೇಶದ ಪ್ರತಿಯನ್ನು ಕೋರ್ಟು ಅದೇ ದಿನ ಅಥವಾ ಮಾರನೆಯ ದಿನ ಇ-ಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ಕಳಿಸಬೇಕು. ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ವಕೀಲರನ್ನೋ ಸ್ವಯಂಸೇವಕರನ್ನೋ ಜೈಲಿಗೆ ಕಳಿಸಿ ಕಾರಣ ವಿಚಾರಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಷರತ್ತಿನಿಂದ ಬಿಡುಗಡೆ ತಡವಾಗುತ್ತದೆ ಎಂಬುದನ್ನೂ ಆ ಆದೇಶದಲ್ಲಿ ಗುರುತಿಸಿ, ಅದನ್ನು ಹೇರಬಾರದು ಎಂದಿದೆ. ನಿಮ್ಮ ತಮ್ಮನಿಗೆ ಬೇಲ್ ಆಗಿ ಮೂರು ವಾರ. ಏಳು ದಿನದ ಹಂತ ಯಾವಾಗಲೋ ದಾಟಿದೆ. ನೀವೇ ಹಾಸನದ ಪ್ರಾಧಿಕಾರಕ್ಕೆ ಹೋಗಿ, ಕ್ರೈಂ ನಂಬರ್, ಠಾಣೆ, ಬೇಲ್ ಆದ ತಾರೀಕು, ಕೇಳಿರುವ ಮೊತ್ತ ಮತ್ತು ಶ್ಯೂರಿಟಿಗಳ ಸಂಖ್ಯೆ ಬರೆದು ಕೊಟ್ಟು, ಷರತ್ತು ಬದಲಿಸಲು ಅರ್ಜಿ ಹಾಕಿಸಿ ಎಂದು ಕೇಳಿ. ಇಬ್ಬರ ಬದಲು ಒಬ್ಬ ಶ್ಯೂರಿಟಿ, ಕಡಿಮೆ ಮೊತ್ತ, ಇಲ್ಲವೇ ಶ್ಯೂರಿಟಿಗೆ ಬದಲಾಗಿ ನಗದು ಠೇವಣಿ ಕೋರಬಹುದು.

ಶ್ಯೂರಿಟಿ ಸಿಕ್ಕರೆ ಅವರು ತರಬೇಕಾದ್ದು ಸಾಮಾನ್ಯವಾಗಿ ಆಧಾರ್, ಫೋಟೊ ಮತ್ತು ಜಮೀನಿನ ಹೊಸ ಪಹಣಿ ಅಥವ ಮನೆಯ ಕಂದಾಯದ ಕಾಗದ. ಪಹಣಿಯಲ್ಲಿರುವ ಹೆಸರೂ ಆಧಾರಿನ ಹೆಸರೂ ಹೊಂದದಿದ್ದರೆ, ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದರೆ, ಅಲ್ಲಿಗೆ ನಿಂತುಬಿಡುತ್ತದೆ. ಹೊರಡುವ ಮೊದಲೇ ನೋಡಿಕೊಳ್ಳಿ. ಕೋರ್ಟಿನ ಗೇಟಿನ ಬಳಿ ಐದು ಸಾವಿರ ಕೊಟ್ಟರೆ ಶ್ಯೂರಿಟಿ ಕೊಡಿಸುತ್ತೇನೆ ಎನ್ನುವ ದಲ್ಲಾಳಿಗಳ ಹತ್ತಿರ ಸುಳಿಯಬೇಡಿ. ಕಾಗದ ನಕಲಿ ಎಂದು ತಿಳಿದರೆ ಬೇಲ್ ರದ್ದಾಗುವುದಲ್ಲದೆ ಹೊಸ ಕ್ರಿಮಿನಲ್ ಕೇಸೂ ಬೀಳುತ್ತದೆ.

ಇಷ್ಟರ ನಡುವೆ ಯಾರಾದರೂ 'ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡುಬಿಡಿ' ಎನ್ನುತ್ತಾರೆ. ಅದೂ ಇದೇ ಪ್ರಾಧಿಕಾರಗಳು ನಡೆಸುವುದೇ. ಒಳ್ಳೆಯ ದಾರಿ, ಖರ್ಚಿಲ್ಲ, ದಾವೆಗೆ ಕಟ್ಟಿದ ಕೋರ್ಟ್ ಶುಲ್ಕವೂ ಹಿಂದಕ್ಕೆ ಬರುತ್ತದೆ. ಆದರೆ ಅಲ್ಲಿ ಸಹಿ ಹಾಕಿದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ವಿಚ್ಛೇದನವನ್ನು ಅಲ್ಲಿ ಕೊಡುವುದಿಲ್ಲ, ಜೀವನಾಂಶದಂಥ ವಿಷಯಗಳಲ್ಲಿ ರಾಜಿ ಮಾಡಿಸುತ್ತಾರೆ. ಹಾಗಾಗಿ ಒಪ್ಪಂದದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಬೇಡ. ಮೊತ್ತ ಎಷ್ಟು, ಯಾವ ತಾರೀಕಿನೊಳಗೆ, ಯಾವ ಬ್ಯಾಂಕ್ ಖಾತೆಗೆ, ತಪ್ಪಿದರೆ ಏನು ಎಂಬ ನಾಲ್ಕೂ ಅದರಲ್ಲಿರಬೇಕು. ಮಗಳ ಹಕ್ಕನ್ನು ನಿಮ್ಮ ಹಕ್ಕಿನ ಜತೆ ಸೇರಿಸಿ ಒಂದೇ ಮೊತ್ತಕ್ಕೆ ಬಿಟ್ಟುಕೊಡುವ ಸಾಲು ಇದ್ದರೆ ತೆಗೆಸಿ. ಅವಳ ಜೀವನಾಂಶ ಅವಳದ್ದು, ತಾಯಿ ಬೇಡವೆಂದು ಬರೆದುಕೊಟ್ಟರೆ ಮುಗಿದುಹೋಗುವಂಥದ್ದಲ್ಲ.

ಹೋಗುವಾಗ ಸಮನ್ಸ್ ಮತ್ತು ಅದರ ಜತೆ ಬಂದ ಅರ್ಜಿಯ ಪ್ರತಿ, ಆಧಾರ್, ಮದುವೆಯ ಕರೆಯೋಲೆ ಅಥವ ಫೋಟೊ, ಮಗಳ ಜನನ ಪ್ರಮಾಣಪತ್ರ, ಸ್ಕೂಲ್ ಫೀಸಿನ ರಸೀದಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಎರಡೆರಡು ಜೆರಾಕ್ಸ್ ಇರಲಿ, ಮೂಲ ಪ್ರತಿಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ. ತಮ್ಮನ ಬೇಲ್ ಆದೇಶದ ಪ್ರತಿ ಇಲ್ಲದಿದ್ದರೂ ಚಿಂತೆಯಿಲ್ಲ, ಕೇಸ್ ನಂಬರಿನಿಂದ ಅವರೇ ತೆಗೆಯುತ್ತಾರೆ. ತಾಲೂಕು ಸಮಿತಿಯ ಅಧಿಕಾರಿಗಳು ಕೋರ್ಟ್ ನಡೆಸುವ ನ್ಯಾಯಾಧೀಶರೇ ಆದ್ದರಿಂದ ಕಲಾಪ ಶುರುವಾದ ಮೇಲೆ ಅವರ ಸಹಿ ಸಿಗುವುದು ಮಧ್ಯಾಹ್ನದ ಬಿಡುವಿನಲ್ಲಿ, ಇಲ್ಲವೇ ಸಂಜೆ. ಬೆಳಗ್ಗೆ ಹತ್ತೂವರೆಗೆ ಹೋಗಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡರೆ ಫ್ಯಾಕ್ಟರಿಗೆ ಅರ್ಧ ದಿನದ ರಜೆಯಲ್ಲೇ ಕೆಲಸ ಮುಗಿಯುತ್ತದೆ.